ಪಟ್ಟಿಯಲ್ಲಿಲ್ಲದ ದನಿ

ಮಧ್ಯಾಹ್ನದ ಊಟವಾದ ಮೇಲೆ ಸಂಶೋಧನಾ ಸಂಸ್ಥೆಯ ಆ ಕೋಣೆಗೆ ಮಂಪರು ಕವಿಯುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರೆ ಸಾಕು, ಟೈಪಿಸ್ಟ್ ತಾನೆಂದೂ ಕಾಣದ ಗಡಿಹಳ್ಳಿಯ ಅಂಗಳದಲ್ಲಿ ಕೂತಿರುತ್ತಿದ್ದಳು. ಅಲ್ಲಿ ಎರಡು ಕಡೆಯವರು ಹನ್ನೊಂದು ವರ್ಷ ಬಡಿದಾಡಿ ಈಗಷ್ಟೇ ಬಂದೂಕು ಕೆಳಗಿಟ್ಟಿದ್ದರು. ಶಾಂತಿ ಉಳಿಯಲು ಏನು ಮಾಡಬೇಕೆಂದು ಪ್ರೊಫೆಸರರು ಅಲ್ಲಿಯ ಮುಖಂಡರನ್ನು ಮಾತಾಡಿಸಿ ತಂದ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವುದು ಅವಳ ಕೆಲಸ. ಮಾತಾಡಿಸಬೇಕಾದವರ ಪಟ್ಟಿಯಲ್ಲಿ ಹೆಸರಿಲ್ಲದವರು ನಡುವೆ ಬಾಯಿ ಹಾಕಿದರೆ ‘ಹಿನ್ನೆಲೆ ಸದ್ದು’ ಎಂದು ಬರೆದು ಮುಂದೆ ಹೋಗಬೇಕು. ಅದು ಪ್ರೊಫೆಸರರ ನಿಯಮ.

ಹೊಳೆದಂಡೆಯಲ್ಲಿ ಕಾವಲು ಚೌಕಿ ಹಾಕಲು ಎರಡೂ ಕಡೆಯವರು ಒಪ್ಪಿದ್ದೇವೆ ಎಂದು ಮುಖಂಡರೊಬ್ಬರು ಹೇಳುತ್ತಿದ್ದರು. ಹಿಂದೆ ಪಾತ್ರೆ ತೊಳೆಯುವ ಸದ್ದು. ಅದರ ನಡುವಿನಿಂದ ವಯಸ್ಸಾದ ಹೆಂಗಸಿನ ದನಿ ಬಂತು.

“ಅಲ್ಲಿ ಬೇಡ ಕಣಪ್ಪಾ. ಹೆಣ್ಮಕ್ಳು ನೀರಿಗೆ ಹೋಗೋದು ಅಲ್ಲಿಗೇ. ಬಂದೂಕು ಕಂಡ್ರೆ ಯಾರೂ ಹೋಗಲ್ಲ. ಆ ಕಡೆ ಹೆಂಗಸ್ರೂ ಅಲ್ಲಿಗೇ ಬರ್ತಾರೆ. ನೀವು ಹೊಡೆದಾಡ್ತಿದ್ದಾಗ್ಲೂ ನಾವು ಅಲ್ಲಿ ಮಾತಾಡ್ಕೊಂಡೇ ಇದ್ವಿ.”

ಟೈಪಿಸ್ಟಳ ಬೆರಳುಗಳು ನಿಂತವು. ಈ ವಾರದಲ್ಲೇ ಇಂಥ ಎಷ್ಟು ಮಾತನ್ನು ಸದ್ದು ಎಂದು ಬರೆದುಬಿಟ್ಟಿದ್ದಳೋ! ಎದ್ದು ಪ್ರೊಫೆಸರರ ಮೇಜಿನ ಬಳಿ ಹೋದಳು.

“ಸರ್, ಈ ಅಜ್ಜಿ ಹೇಳಿದ್ದನ್ನ ಬರೀಲಾ?”

“ಪಟ್ಟೀಲಿ ಇಲ್ವಲ್ಲಮ್ಮ,” ಅವರು ತಲೆ ಎತ್ತಲಿಲ್ಲ. “ಇಬ್ರನ್ನ ಒಪ್ಪಿಸೋ ಹೊತ್ಗೇ ನಂಗೆ ಸಾಕುಸಾಕಾಗಿದೆ. ಮೂರನೆಯವ್ರು ಬಂದ್ರೆ ಎಲ್ಲಾ ಮೊದಲಿಂದ. ನಾಳೆ ವರದಿ ಹೋಗ್ಬೇಕು.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

“ಚೌಕಿ ಎದ್ದ ಮೇಲೆ ಕೇಳಿ ಏನು ಬಂತು ಸರ್? ಎರಡೇ ನಿಮಿಷ,” ಎಂದು ಹೆಡ್‌ಫೋನನ್ನು ಅವರ ಮುಂದಿಟ್ಟಳು.

ಅವರು ಕೇಳಿಸಿಕೊಂಡರು. ಅಜ್ಜಿಯ ಮಾತು ಮುಗಿದ ಬೆನ್ನಿಗೇ ಅವರದೇ ದನಿ ಇತ್ತು. “ಅಜ್ಜಿ, ಸ್ವಲ್ಪ ಸುಮ್ನಿರಿ. ರೆಕಾರ್ಡ್ ಆಗ್ತಿದೆ.”

ಮತ್ತೊಮ್ಮೆ ಹಾಕಿ ಕೇಳಿದರು. ಮುಖ ಸಣ್ಣದಾಯಿತು. ಎಲ್ಲರನ್ನೂ ಒಳಗೊಂಡ ಶಾಂತಿ ಎಂದು ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ ಅದು. ಮರುದಿನ ವರದಿ ಹೋಗಲಿಲ್ಲ.

ವಾರ ಕಳೆದು, ಪ್ರೊಫೆಸರರು ಮತ್ತೆ ಆ ಹಳ್ಳಿಗೆ ಹೋಗಿ ಮಾಡಿದ ಹೊಸ ಧ್ವನಿಮುದ್ರಣ ಬಂತು. ಟೈಪಿಸ್ಟ್ ಕಣ್ಣು ಮುಚ್ಚಿದಳು. ಈ ಸಲ ಹೊಳೆ ಅವಳ ಕಾಲ ಬಳಿಯೇ ಹರಿಯುತ್ತಿತ್ತು. ಎರಡು ದಡದ ಹೆಂಗಸರು ನಗುತ್ತಿದ್ದರು. ಯಾವ ನಗು ಯಾವ ಕಡೆಯದೋ ತಿಳಿಯಲಿಲ್ಲ.

“ಅಜ್ಜಿ, ನೀವು ಹೇಳಿ,” ಎಂದರು ಪ್ರೊಫೆಸರರು.

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಮುಖಂಡರ ದನಿ. “ಅವಳಿಗೇನು ಗೊತ್ತು ಸಾರ್, ನಾನು ಹೇಳ್ತೀನಿ...”

“ಯಜಮಾನ್ರೇ, ಸ್ವಲ್ಪ ಸುಮ್ನಿರಿ. ರೆಕಾರ್ಡ್ ಆಗ್ತಿದೆ.”

ಟೈಪಿಸ್ಟಿಗೆ ನಗು ತಡೆಯಲಾಗಲಿಲ್ಲ. ಮುಖಂಡರ ಮಾತಿಗೆ ‘ಹಿನ್ನೆಲೆ ಸದ್ದು’ ಎಂದು ಬರೆಯಲು ಬೆರಳು ತುರಿಸಿತು. ಬರೆಯಲಿಲ್ಲ. ಅವರ ಮಾತನ್ನೂ ಒಂದಕ್ಷರ ಬಿಡದೆ ಬರೆದು, ಕೆಳಗಿನ ಸಾಲಿನಲ್ಲಿ ಅಜ್ಜಿಯ ಹೆಸರು ಹಾಕಿದಳು.