ಕೊನೆಗೆ ಹತ್ತಿರ ಇದ್ದವಳು

ಕಂಡಕ್ಟರನ ಕೈಯಲ್ಲಿ ಎಂಥ ನರ, ಹಗ್ಗದ ಹಾಗೆ ಉಬ್ಬಿ ನಿಂತಿದೆ, ಕಣ್ಣು ಮುಚ್ಚಿಕೊಂಡು ಸೂಜಿ ಹಾಕಬಹುದು, ಒಂದೇ ಸಲಕ್ಕೆ ಸಿಗುತ್ತದೆ — ಟಿಕೆಟ್ ಅಮ್ಮಾ, ಟಿಕೆಟ್, ಎಂದು ಅವನು ಮತ್ತೆ ಹೇಳುತ್ತಿದ್ದಾನೆ, ಅವಳು ಪಾಸು ತೋರಿಸುತ್ತಾಳೆ, ಅವನು ನೋಡಿದಂತೆ ಮಾಡಿ ಮುಂದೆ ಹೋಗುತ್ತಾನೆ, ನರವೂ ಅವನ ಜೊತೆ ಹೋಗುತ್ತದೆ. ಇದೊಂದು ಕಾಯಿಲೆಯೇ ಸರಿ. ಮನುಷ್ಯರನ್ನು ಮನುಷ್ಯರ ಹಾಗೆ ನೋಡಿ ಎಷ್ಟು ಕಾಲವಾಯಿತೋ, ಮುಂದಿನ ಸೀಟಿನ ಮುದುಕರ ಪಾದ ಊದಿದೆ, ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ, ಕಂಬಿ ಹಿಡಿದು ನಿಂತ ಹುಡುಗಿಯ ಉಗುರು ಬಿಳಿಚಿಕೊಂಡಿದೆ, ಮೈಯಲ್ಲಿ ರಕ್ತವಿಲ್ಲ, ಯಾರಾದರೂ ಹೇಳಬೇಕು, ಇವಳು ಹೇಳುವುದಿಲ್ಲ, ಬೆಳಗಿನ ಡ್ಯೂಟಿ ಮುಗಿಯಿತು, ಇನ್ನು ಯಾರ ಉಗುರು ಯಾವ ಬಣ್ಣಕ್ಕಾದರೂ ತಿರುಗಲಿ. ಮದುವೆಯಾದ ಹೊಸದರಲ್ಲಿ ಸಿನಿಮಾ ಮಂದಿರದ ಕತ್ತಲಲ್ಲಿ ಗಂಡ ಕೈ ಹಿಡಿದುಕೊಂಡಾಗ ಅವಳ ಬೆರಳು ತಾನಾಗಿಯೇ ಅವನ ಮಣಿಕಟ್ಟಿಗೆ ಸರಿದಿತ್ತು, ಬದುಕಿದೀನೋ ಇಲ್ವೋ ಬೇಗ ಹೇಳಿಬಿಡು ಮಹಾತಾಯಿ, ಪಿಕ್ಚರ್ ನೋಡೋಣ, ಅಂದಿದ್ದ, ಪಕ್ಕದ ಸಾಲಿನವರೂ ನಕ್ಕಿದ್ದರು. ಈಗ ಮಗಳು ಫೋನಿನಲ್ಲಿ ಅಳು ತಡೆದುಕೊಂಡು ಏನೋ ಹೇಳುತ್ತಿದ್ದರೆ ಇವಳ ಬಾಯಿಂದ, ಆಯ್ತು, ಆಯ್ತು, ಸ್ವಲ್ಪ ಹೊತ್ತು, ಈಗ ಸರಿಹೋಗುತ್ತೆ, ಎಂದೇ ಬರುತ್ತದೆ, ನನ್ ಹತ್ರ ಆ ಆಸ್ಪತ್ರೆ ದನಿ ಬೇಡಮ್ಮ ಎನ್ನುತ್ತಾಳೆ ಮಗಳು, ಬೇರೆ ದನಿ ಎಲ್ಲಿಟ್ಟೆನೋ ನೆನಪಾಗುವುದಿಲ್ಲ. ಹಿಮ್ಮಡಿಯಿಂದ ನೋವು ಮೇಲೇರಿ ಮಂಡಿಯಲ್ಲಿ ಬಂದು ಕೂತಿದೆ. ಇವತ್ತು ವಾರ್ಡಿಗೆ ಇಬ್ಬರು ಬಂದಿರಲಿಲ್ಲ, ಇದ್ದ ಹುಡುಗಿಯರು, ದೊಡ್ಡಕ್ಕ ನೀವು ಕೂತ್ಕೊಳ್ಳಿ ನಾವು ನೋಡ್ಕೋತೀವಿ ಅನ್ನುತ್ತಲೇ, ದೊಡ್ಡಕ್ಕ ಈ ಅಜ್ಜ ನಿಮ್ಮ ಮಾತೇ ಕೇಳೋದು, ದೊಡ್ಡಕ್ಕ ಒಂದು ಕೈ ಹಿಡೀರಿ, ಒಂದು ಕೈ ಹಿಡಿಯುತ್ತ ಹಿಡಿಯುತ್ತ ಮೂವತ್ತು ಚಿಲ್ಲರೆ ವರ್ಷ. ವರ್ಷಕ್ಕೊಂದು ದಿನ ಮೈಕ್ ಹಿಡಿದು ನೀವೆಲ್ಲ ದೇವತೆಗಳು ಎಂದು ಯಾರೋ ಭಾಷಣ ಮಾಡುತ್ತಾರೆ, ದೇವತೆಗಳಿಗೆ ಬಚ್ಚಲಿಗೆ ಹೋಗೋಕೂ ಪುರುಸೊತ್ತಿಲ್ಲ ಸಾರ್, ಎಂದು ಇವಳು ಒಮ್ಮೆ ಪಕ್ಕದವಳ ಕಿವಿಯಲ್ಲಿ ಅಂದದ್ದು ಮೈಕಿಗೆ ಕೇಳಿಸಿಬಿಟ್ಟಿತ್ತು.

ಸಿಸ್ಟರ್ ಅಲ್ವಾ ನೀವು, ಎನ್ನುತ್ತಿದ್ದಾಳೆ ಪಕ್ಕದಲ್ಲಿ ಯಾರೋ, ಯಾವಾಗ ಬಂದು ಕೂತಳೋ, ಕನ್ನಡಕ, ಮಡಿಲಲ್ಲಿ ತರಕಾರಿ ಚೀಲ, ನಡುವಯಸ್ಸು, ನಿದ್ದೆಯಿಲ್ಲದ ಕಣ್ಣು — ಅಯ್ಯೋ ಮತ್ತೆ ಶುರುಮಾಡಿದೆ. ಹೌದು ಎನ್ನುತ್ತಾಳೆ ಇವಳು, ತಲೆಯನ್ನು ಕಿಟಕಿಗೆ ಆನಿಸಿಕೊಂಡೇ. ನನ್ನ ಗುರುತು ಸಿಗಲಿಲ್ವಾ, ನಮ್ಮಮ್ಮ ನಿಮ್ಮ ವಾರ್ಡಲ್ಲೇ ಇದ್ರು, ಕಿಟಕಿ ಪಕ್ಕದ ಹಾಸಿಗೆ, ಎತ್ತರಕ್ಕಿದ್ರು, ದೊಡ್ಡ ಗಂಟಲು, ಎಲ್ಲರನ್ನೂ ಬೈತಿದ್ರು, ನಿಮ್ಮೊಬ್ಬರನ್ನ ಬಿಟ್ಟು. ಸಿಗುತ್ತದೆಯೇ ಗುರುತು, ಇವಳು ಒಳಗೆ ಹುಡುಕುತ್ತಾಳೆ, ಕಿಟಕಿ ಪಕ್ಕದ ಹಾಸಿಗೆ ಎಂದರೆ ಒಬ್ಬರೇ ಇಬ್ಬರೇ, ಬೈಯುವವರು ಎಂದರೆ ಒಬ್ಬರೇ ಇಬ್ಬರೇ, ನೀರಿಗಾಗಿ ಬೈದವರು, ಬೆಡ್‌ಪ್ಯಾನ್ ತಣ್ಣಗಿದೆ ಎಂದು ಬೈದವರು, ಬದುಕಿಸಿದ್ದಕ್ಕೇ ಬೈದವರು, ಒಬ್ಬರ ಮೂಗು ಇನ್ನೊಬ್ಬರ ಮುಖಕ್ಕೆ ಹೋಗಿ ಕೂರುತ್ತದೆ, ಹುಣ್ಣುಗಳು ನೆನಪಿವೆ, ಯಾವ ಬೆನ್ನಿನಲ್ಲಿ ಎಲ್ಲಿತ್ತು ಎಂಬುದೂ ನೆನಪಿದೆ, ಮುಖಗಳಿಲ್ಲ. ನೆನಪಿದೆ ನೆನಪಿದೆ ಎನ್ನುತ್ತದೆ ಬಾಯಿ, ಹೇಗಿದೀರಿ. ಕನ್ನಡಕದವಳ ಮುಖ ಅರಳಿಬಿಡುತ್ತದೆ, ಅಯ್ಯೋ ಹಾಗೆ ಅರಳಬೇಡಮ್ಮ. ನಿಮ್ಮನ್ನ ಒಂದು ವಿಷಯ ಕೇಳಬೇಕು ಅಂತ ಎಷ್ಟು ದಿನದಿಂದ ಇತ್ತು ಸಿಸ್ಟರ್, ಎರಡು ಸಲ ಆಸ್ಪತ್ರೆ ಗೇಟಿನ ತನಕ ಬಂದು ವಾಪಸ್ ಹೋದೆ, ಅವತ್ತು ಔಷಧಿ ತರೋಕೆ ಅಂತ ಕೆಳಗೆ ಹೋಗಿದ್ನಲ್ಲ, ಹೋಗ್ಬೇಡ ಇರೇ ಅಂದ್ರು ಅಮ್ಮ, ಈಗ ಬಂದೆ ಅಂತ ಹೋದೆ, ಅಲ್ಲಿ ಉದ್ದ ಸಾಲು, ಬರೋ ಅಷ್ಟರಲ್ಲಿ ಪರದೆ ಎಳೆದಿದ್ರಿ, ನೀವೊಬ್ಬರೇ ಇದ್ರಿ ಹತ್ರ. ಬಸ್ಸು ಗಕ್ಕನೆ ನಿಲ್ಲುತ್ತದೆ, ಯಾರೋ ಇಳಿಯುತ್ತಾರೆ, ಯಾರೋ ಹತ್ತುತ್ತಾರೆ, ಕನ್ನಡಕದವಳು ಚೀಲದ ಬಾಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಾಳೆ. ಅಮ್ಮ ಏನಂದ್ರು ಸಿಸ್ಟರ್? ನನ್ನ ಕೇಳಿದ್ರಾ?

ಇದಕ್ಕೊಂದು ವಾಕ್ಯವಿದೆ. ಇವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಸಿಸ್ಟರೊಬ್ಬರು ಹಾಸಿಗೆ ಚಾದರದ ಮೂಲೆ ಮಡಿಸಲು ಕಲಿಸಿದ ಹಾಗೆಯೇ ಕಲಿಸಿಕೊಟ್ಟ ವಾಕ್ಯ, ಕಷ್ಟಪಡಲಿಲ್ಲ, ಸಮಾಧಾನವಾಗಿ ಹೋದರು, ನಿಮ್ಮ ಹೆಸರು ಹೇಳಿದರು, ಅಷ್ಟೇ, ಅದಕ್ಕಿಂತ ಉದ್ದ ಹೇಳಬೇಡ ಮರಿ, ಉದ್ದ ಹೇಳಿದರೆ ಸುಳ್ಳು ಕಾಣಿಸುತ್ತೆ. ಎಷ್ಟು ಜನಕ್ಕೆ ಹೇಳಿದ್ದಾಳೋ, ಗಂಡಂದಿರಿಗೆ, ಸೊಸೆಯರಿಗೆ, ಕೆಲವೊಮ್ಮೆ ನಿಜವೂ ಆಗಿತ್ತು, ಹೆಚ್ಚಿನ ಸಲ ಹೋಗುವವರು ಯಾರ ಹೆಸರನ್ನೂ ಹೇಳುವುದಿಲ್ಲ, ಉಸಿರಿನ ಹಿಂದೆಯೇ ಬಿದ್ದಿರುತ್ತಾರೆ, ಅದೇ ದೊಡ್ಡ ಕೆಲಸ ಅವರಿಗೆ. ಹೇಳಿಬಿಡು, ಈ ಬಡಪಾಯಿಗೂ ಹೇಳಿಬಿಡು, ಎರಡು ನಿಮಿಷದ ಕೆಲಸ, ಆಮೇಲೆ ಕಣ್ಣು ಮುಚ್ಚಿ ಕೂರಬಹುದು. ಬಾಯಿ ತೆರೆಯುತ್ತಾಳೆ, ವಾಕ್ಯ ಮೇಲೆ ಬರುತ್ತಿಲ್ಲ, ತೊಳೆದು ತೊಳೆದು ಹಿಂಜಿಹೋದ ಚಾದರದ ಹಾಗೆ ಎತ್ತಿದಲ್ಲಿ ಹರಿಯುತ್ತಿದೆ, ಇಷ್ಟು ದಣಿವಿನಲ್ಲಿ ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು ಎಂದು ಇವತ್ತೇ ಗೊತ್ತಾಗಬೇಕೆ. ನಂಗೆ ನೆನಪಿಲ್ಲಮ್ಮ, ಎಂದು ಕೇಳಿಸುತ್ತದೆ, ತನ್ನದೇ ದನಿ, ಆಸ್ಪತ್ರೆಯದಲ್ಲ, ನಿಮ್ಮಮ್ಮನ ಮುಖಾನೂ ನೆನಪಾಗ್ತಿಲ್ಲ, ಆಗಲೇ ನೆನಪಿದೆ ಅಂದಿದ್ದು ಸುಮ್ನೆ, ತಪ್ಪು ತಿಳ್ಕೋಬೇಡಿ. ಬಸ್ಸು ಒಂದು ತಿರುವು ದಾಟುತ್ತದೆ, ಸಾಮಾನಿನ ಅಂಗಡಿ, ಬಟ್ಟೆ ಇಸ್ತ್ರಿ ಮಾಡುವವನ ಗಾಡಿ, ಶಾಲೆಯ ಗೋಡೆ. ಆಮೇಲೆ ಕನ್ನಡಕದವಳು, ಬೇರೆ ಕಡೆ ನೋಡಿಕೊಂಡು, ಸುಳ್ಳೇ ಹೇಳಬಹುದಿತ್ತಲ್ಲ ಸಿಸ್ಟರ್, ನಾನು ನಂಬ್ತಿದ್ದೆ, ಎನ್ನುತ್ತಾಳೆ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಗುಳಕ್ಕೆ ಇವಳ ಚರ್ಮ ದಪ್ಪ. ಹೋಗಲಿ ಬಿಡಿ, ಎನ್ನುತ್ತಾಳೆ ಕನ್ನಡಕದವಳು ಮತ್ತೆ, ಅಂಥ ಹೊತ್ತಲ್ಲಿ, ಮನೆಯವರು ಯಾರೂ ಹತ್ರ ಇಲ್ಲದಾಗ, ಏನು ಮಾಡ್ತೀರಿ ನೀವು, ಅದಾದ್ರೂ ಹೇಳಿ. ಏನು ಮಾಡುತ್ತೇನೆ? ಇದನ್ನು ಯಾರೂ ಕೇಳಿರಲಿಲ್ಲ, ಎಷ್ಟು ಸಂಬಳ, ರಾತ್ರಿ ಪಾಳಿ ಎಷ್ಟು, ಹೇಸಿಗೆ ಆಗಲ್ವಾ, ಊಟ ಹೇಗೆ ಸೇರುತ್ತೆ, ಇವನ್ನೆಲ್ಲ ಕೇಳಿದ್ದಾರೆ. ಪರದೆ ಎಳೀತೀನಿ, ಎಂದು ಶುರುಮಾಡುತ್ತಾಳೆ, ಕಿಟಕಿ ಇದ್ರೆ ಮುಖ ಕಿಟಕಿ ಕಡೆ ಸ್ವಲ್ಪ ತಿರುಗಿಸ್ತೀನಿ, ದಿಂಬು ಸರಿಮಾಡ್ತೀನಿ. ಮತ್ತೆ? ತುಟಿ ಒಣಗಿರುತ್ತಲ್ಲ, ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತೀನಿ, ಕುಡಿಸಲ್ಲ, ಸುಮ್ನೆ ತಂಪಿಗೆ. ಮತ್ತೆ? ಎನ್ನುತ್ತಾಳೆ ಕನ್ನಡಕದವಳು, ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡಿದ್ದಾಳೆ, ಕಥೆ ಕೇಳುವ ಮಗುವಿನ ಹಾಗೆ. ಹೊರಗೆ ಹೋದವರು ಯಾರು ಅಂತ ಗೊತ್ತಿದ್ರೆ, ಮಗಳು ಮೆಟ್ಟಿಲು ಹತ್ತುತಾ ಇದಾಳೆ ಅಂತೀನಿ, ಬಂದ್ಲು ಅಂತೀನಿ. ಕಿವಿ ಕೊನೆವರೆಗೂ ಕೇಳುತ್ತೆ ಅಂತ ನಮಗೆ ಹೇಳಿಕೊಟ್ಟಿದ್ರು, ಅದಕ್ಕೆ ಮಾತಾಡ್ತಾನೇ ಇರ್ತೀನಿ, ದೊಡ್ಡ ಮಾತಲ್ಲ, ನಂಗೆ ದೊಡ್ಡ ಮಾತು ಬರಲ್ಲ, ಬಸ್ಸು ತಡ ಆಯ್ತು, ಬೆಳಿಗ್ಗೆ ಹಾಲು ಉಕ್ಕಿ ಒಲೆ ಎಲ್ಲಾ ಹಾಳಾಯ್ತು, ಬದನೆಕಾಯಿ ತಗೊಂಡೆ ಎಲ್ಲದರಲ್ಲೂ ಹುಳ ಇತ್ತು, ಅಂಥವೇ. ಕೈ ಬಿಡಲ್ಲ. ಒಂದು ಕೈಲಿ ಅವರ ಕೈ, ಇನ್ನೊಂದರಲ್ಲಿ ತಲೆಗೂದಲು ಸರಿಮಾಡ್ತೀನಿ, ಮನೆಯವರು ಬಂದಾಗ ಕೆದರಿರಬಾರದಲ್ಲ. ಕನ್ನಡಕದವಳ ಮುಚ್ಚಿದ ರೆಪ್ಪೆಯಡಿಯಿಂದ ನೀರು ಬರುತ್ತಿದೆ, ಭುಜ ಕುಲುಕುತ್ತಿದೆ, ಇವಳು ಗಾಬರಿಯಾಗುತ್ತಾಳೆ, ನೋಡಿದರೆ ಅವಳು ನಗುತ್ತಿದ್ದಾಳೆ, ಅಳುತ್ತಲೇ ನಗುತ್ತಿದ್ದಾಳೆ, ನಮ್ಮಮ್ಮಂಗೆ ಬದನೆಕಾಯಿ ಕಂಡ್ರೆ ಆಗ್ತಿರಲಿಲ್ಲ ಸಿಸ್ಟರ್, ಮೈ ಸರಿ ಇದ್ದಿದ್ರೆ ಎದ್ದು ನಿಮಗೂ ಬೈದಿರೋರು. ಹಾಗಾದ್ರೆ ಬೈಕೊಂಡೇ ಹೋಗಿರ್ತಾರೆ ಬಿಡಿ, ಎಂದುಬಿಡುತ್ತಾಳೆ ಇವಳೂ, ಎಂದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಕನ್ನಡಕದವಳಿಗೆ ನಗು ಇನ್ನೂ ಜೋರಾಗುತ್ತದೆ, ಊದಿದ ಪಾದದ ಮುದುಕರು ತಿರುಗಿ ನೋಡುತ್ತಾರೆ. ಅವಳ ನಿಲ್ದಾಣ ಬಂತು, ಚೀಲ ಎತ್ತಿಕೊಂಡಳು, ಹೋಗುವ ಮುಂಚೆ ಇವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಒತ್ತಿದಳು, ಇಳಿದು ಜನರ ನಡುವೆ ಎಲ್ಲೋ ಹೋದಳು.

ಮುಂದಿನದು ತನ್ನ ನಿಲ್ದಾಣ, ಏಳಬೇಕು, ಮಂಡಿ ಏಳುತ್ತಿಲ್ಲ, ಅಥವಾ ಮಂಡಿಯಲ್ಲ, ತಲೆಗೂದಲು ಎಂದೆನಲ್ಲ ಈಗ, ಮನೆಯವರು ಬಂದಾಗ ಕೆದರಿರಬಾರದು ಎಂದೆ, ಎಲ್ಲಿಂದ ಬಂತು ಆ ಮಾತು, ಮನೆಯವರು ಬಂದಾಗ. ಬೇರೆ ಊರಿನ ಆಸ್ಪತ್ರೆ, ತನ್ನ ಅಮ್ಮ ಅಲ್ಲಿದ್ದಳು, ಅಣ್ಣ ನೋಡಿಕೊಳ್ಳುತ್ತಿದ್ದ, ನಾಳೆ ಬರ್ತೀನಿ ಅಣ್ಣ, ಇವತ್ತು ವಾರ್ಡಲ್ಲಿ ಜನ ಇಲ್ಲ, ಎಂದು ಇವಳು ಇಲ್ಲಿ ಬೇರೆ ಯಾರದೋ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಳು, ಅಣ್ಣ ಒಂದು ಲೋಟ ಕಾಫಿಗೆ ಎಂದು ಹೊರಗೆ ಹೋಗಿದ್ದ, ಅಷ್ಟರಲ್ಲೇ. ಯಾರಿದ್ರು ಅಮ್ಮನ ಹತ್ರ ಅಣ್ಣ, ಯಾರೋ ಸಿಸ್ಟರ್ ಇದ್ರಂತೆ, ಹೆಸರು ಕೇಳಲಿಲ್ಲ. ಇವಳೂ ಕೇಳಲಿಲ್ಲ. ಇವಳು ಹೋದಾಗ ಅಲ್ಲಿನ ಉದ್ದ ಕಾರಿಡಾರಿನಲ್ಲಿ ಬಿಳಿ ಬಟ್ಟೆಯವರು ಓಡಾಡುತ್ತಿದ್ದರು, ಯಾರನ್ನು ನಿಲ್ಲಿಸಿ ಕೇಳಿದ್ದರೂ ಹೇಳುತ್ತಿದ್ದರು, ಆದರೆ ಕೇಳಿದರೆ ಆ ವಾಕ್ಯ ಬರುತ್ತದೆ, ಸಮಾಧಾನವಾಗಿ ಹೋದರು, ನಿಮ್ಮ ಹೆಸರು ಹೇಳಿದರು, ಅದನ್ನು ಅವರ ಬಾಯಿಂದ ಕೇಳುವ ಧೈರ್ಯ ಇವಳಿಗಿರಲಿಲ್ಲ, ಅಡುಗೆ ಮಾಡಿದವಳಿಗೆ ಗೊತ್ತು ಅದರ ರುಚಿ. ಮುಖದ ಮೇಲಿನ ಬಟ್ಟೆ ಸರಿಸಿದಳು. ಅಮ್ಮನ ಕೂದಲು, ತಿಂಗಳಿಂದ ಜಡೆ ಕಾಣದ ಆ ತೆಳ್ಳಗಿನ ಬೆಳ್ಳಿ ಕೂದಲು, ಯಾರೋ ಎಣ್ಣೆ ಹಚ್ಚಿ ಬಾಚಿದ್ದರು, ಜಡೆ ಹೆಣೆದು ಭುಜದ ಮುಂದಕ್ಕೆ ತಂದಿದ್ದರು, ತುದಿಗೆ ರಿಬ್ಬನ್ ಸಿಗಲಿಲ್ಲವೋ ಏನೋ, ಬ್ಯಾಂಡೇಜಿನ ಪಟ್ಟಿ ಕತ್ತರಿಸಿ ಕಟ್ಟಿದ್ದರು, ಬರೀ ಗಂಟಲ್ಲ, ಶಾಲೆಗೆ ಹೊರಟ ಹುಡುಗಿಗೆ ಕಟ್ಟುವ ಹಾಗೆ, ಹೂವಿನ ಗಂಟು. ಆ ಸಿಸ್ಟರನ್ನು ಈಗ ಬಸ್ಸಿನಲ್ಲಿ ಕಂಡು ಕೇಳಿದರೆ ನೆನಪಿಲ್ಲಮ್ಮ ಎನ್ನುತ್ತಾರೆ, ಮುಖಾನೂ ನೆನಪಿಲ್ಲ, ನಿಜವನ್ನೇ ಹೇಳುತ್ತಾರೆ, ಅವರ ಕಾಲೂ ಊದಿರುತ್ತದೆ. ಕಂಡಕ್ಟರ್ ಏನೋ ಕೂಗುತ್ತಿದ್ದಾನೆ, ಬಾಗಿಲು ಮುಚ್ಚಿತು, ತನ್ನ ನಿಲ್ದಾಣ ಹಿಂದೆ ಹೋಯಿತು, ಹೋಗಲಿ, ಎಷ್ಟು ಹೊತ್ತು ಹಿಡಿದಿರಬೇಕು ಆ ಜಡೆಗೆ, ಕೆಲಸದ ನಡುವೆ, ಬೇರೆ ಹಾಸಿಗೆಗಳು ಕರೆಯುತ್ತಿರುವಾಗ, ಯಾರೂ ನೋಡದ ಕಡೆ, ಕತ್ತರಿ ತಂದು, ಪಟ್ಟಿ ಕತ್ತರಿಸಿ, ಗಂಟಿನ ಎರಡು ಕಿವಿ ಸಮ ಬರುವ ಹಾಗೆ ಎಳೆದು — ಬೆಳ್ಳಿ ಜಡೆ, ಬಿಳಿ ಪಟ್ಟಿ, ಹೂವಿನ ಗಂಟು, ಎರಡು ಕಿವಿಯೂ ಸಮ, ಬಿಳಿ ಪಟ್ಟಿ, ಹೂವಿನ ಗಂಟು