ಬೇಮಳಖೇಡದ ವಸ್ತಿ

ಕಿಟಕಿಯಿಂದ ಹಾರಿಬಂದ ಟವೆಲ್ಲು ನೇರವಾಗಿ ಉಮಾದೇವಿಯ ಮುಖದ ಮೇಲೆ ಬಿತ್ತು. ಗಾಬರಿಯಿಂದ ಎದ್ದು ಕೂರುವಷ್ಟರಲ್ಲಿ ಒಂದು ಕೈಚೀಲ ಬಂದು ಕಾಲ ಬಳಿ ಬಿತ್ತು. ಹಿಂದೆಯೇ ಒಂದು ಕೊಡೆ. ಹೊರಗೆ ಆಗಲೇ ಜಗಳ ಹತ್ತಿತ್ತು.

“ಆ ಸೀಟ್ ನಂದದ! ನಾ ಮೊದಲ ಟವೆಲ್ ಒಗದೀನಿ.”

“ಟವೆಲ್ ಒಗದ್ರ ಏನಾತು? ನಾ ಚೀಲಾನೇ ಇಟ್ಟೀನಿ.”

“ಸೀಟಲ್ಲೋ ಯಪ್ಪಾ, ಇದು ನನ್ನ ಹಾಸಿಗಿ!” ಎಂದು ಉಮಾದೇವಿ ಕೂಗಿದಳು.

ತಪ್ಪು ಬೇಮಳಖೇಡದ ಜನರದ್ದಲ್ಲ, ಅವಳ ಗಂಡ ಮಡೆಪ್ಪನದು. ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತನಾದ ಮೇಲೆ ಅವನೊಂದು ಹಳೆಯ ಟೆಂಪೊ ಕೊಂಡಿದ್ದ. ಹುಮನಾಬಾದಿನ ಮೆಕ್ಯಾನಿಕ್ ಹುಸೇನ ಅದರ ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟಾಕಿ ಕೂಡಿಸಿ ಮನೆ ಮಾಡಿಕೊಟ್ಟ. ಯಾವುದು ಎಲ್ಲಿರಬೇಕೆಂದು ಹೇಳಿದವಳು ಉಮಾದೇವಿ. ಬಣ್ಣವೊಂದನ್ನು ಗಂಡನಿಗೆ ಬಿಟ್ಟಳು. ಅವನು ಹಿಂದೆಮುಂದೆ ನೋಡದೆ ಸರ್ಕಾರಿ ಬಸ್ಸಿನ ಕೆಂಪು ಬಳಿಸಿದ. ಸಾಲದ್ದಕ್ಕೆ ನಿನ್ನೆ ಸಂಜೆ ಈ ಊರಿಗೆ ಬಂದವನು ತನ್ನ ಹಳೆಯ ಬೇವಿನ ಗಿಡದ ಕೆಳಗೇ ಗಾಡಿ ನಿಲ್ಲಿಸಿದ. ಒಂದು ಕಾಲದಲ್ಲಿ ಅವನ ವಸ್ತಿ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಸಂಜೆ ಊರಿಗೆ ಬಂದು, ರಾತ್ರಿ ಅಲ್ಲೇ ಇದ್ದು, ನಸುಕಿನಲ್ಲಿ ಜನರನ್ನು ತುಂಬಿಕೊಂಡು ಹೊರಡುವ ಬಸ್ಸು ಅದು. ಆ ವಸ್ತಿ ಬಂದಾಗಿ ವರ್ಷಗಳೇ ಆಗಿದ್ದವು. ಬೆಳಗಾಗೆದ್ದು ಬೇವಿನ ಕೆಳಗೆ ಕೆಂಪು ಗಾಡಿ ಕಂಡ ಊರು, ವಸ್ತಿ ಮತ್ತೆ ಶುರುವಾಯಿತೆಂದು ಖುಷಿಯಿಂದ ಟವೆಲ್ ಹಿಡಿದು ಓಡಿಬಂದಿತ್ತು.

ಈ ವಸ್ತಿ ಎಂಬ ಮಾತು ಕೇಳಿದರೆ ಉಮಾದೇವಿಗೆ ಮೈಯೆಲ್ಲ ಉರಿ. ಸಂಸಾರದ ಅರ್ಧ ರಾತ್ರಿಗಳನ್ನು ಅವಳು ಒಬ್ಬಳೇ ಚಿಲಕ ಹಾಕಿಕೊಂಡು ಕಳೆದಿದ್ದಳು. ಈ ಬೇಸಿಗೆಯಾದರೂ ಇಬ್ಬರೇ ಊರೂರು ತಿರುಗಬೇಕು, ದಾರಿಯುದ್ದಕ್ಕೂ ಮಾತಾಡಬೇಕು ಎಂಬುದು ಅವಳ ಆಸೆ. ತಿರುಗಾಟವೇನೋ ನಡೆದಿತ್ತು. ಆದರೆ ‘ಚಾಲಕರೊಂದಿಗೆ ಮಾತನಾಡಬಾರದು’ ಎಂಬ ಫಲಕದ ಕೆಳಗೆ ಆಯುಷ್ಯ ಸವೆಸಿದ ಮಡೆಪ್ಪ ಸ್ಟೇರಿಂಗ್ ಹಿಡಿದರೆ ತುಟಿ ಬಿಚ್ಚುತ್ತಿರಲಿಲ್ಲ. ಗಾಡಿ ನಿಂತರೆ ಟೈರು ನೋಡುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಭಾಲ್ಕಿಯಿಂದ ಬೀದರಿನವರೆಗೆ ಅವಳೊಬ್ಬಳೇ ಮಾತಾಡಿದ್ದಳು. ಅವನು ಎರಡು ಸಲ ಹಾರ್ನ್ ಹೊಡೆದಿದ್ದ. ಆರನೆಯ ದಿನವಾದ ನಿನ್ನೆ ಅವಳು ಕಡ್ಡಿ ಮುರಿದಂತೆ ಹೇಳಿದ್ದಳು:

“ನಾಳಿ ಹುಮನಾಬಾದ್ ಬಂದ್ರ ನಾ ಇಳಿದು ಮನಿಗಿ ಹೋಗ್ತೀನಿ. ನೀವೂ ನಿಮ್ಮ ಸ್ಟೇರಿಂಗೂ ಕೂಡಿ ಬಸವಕಲ್ಯಾಣ ನೋಡ್ಕೊಂಡು ಬರ್ರಿ.”

ಚೀಲವನ್ನೂ ಕಟ್ಟಿಟ್ಟಿದ್ದಳು.

ಈಗ ಬೇವಿನಕಡ್ಡಿ ಜಗಿಯುತ್ತ ಬಂದ ಮಡೆಪ್ಪನನ್ನು ಕಂಡು ಜನ ಹೋ ಎಂದರು. “ಅರೇ, ನಮ್ಮ ಮಡೆಪ್ಪ ಡ್ರೈವರ್!”

ಮಡೆಪ್ಪ ಹೆಂಡತಿಯ ಮುಖ ನೋಡಿ ಕುತ್ತಿಗೆ ತುರಿಸಿಕೊಂಡ. “ಇದು ಬಸ್ ಅಲ್ರಿ, ಮನಿ. ಮಾಲಕರು ಒಳಗ ಅದಾರ. ನಾ ಬರೇ ಡ್ರೈವರ್.”

ಜನ ಪೆಚ್ಚಾಗಿ ಟವೆಲ್ಲು, ಚೀಲಗಳಿಗೆ ಕೈ ಚಾಚಿದರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ದಪ್ಪ ಕನ್ನಡಕದ ಮುದುಕಿಯೊಬ್ಬಳು ಮುಂದೆ ಬಂದು ಕಿಟಕಿಯೊಳಗೆ ಇಣುಕಿದಳು.

“ಹೋಳಿಗಿ ಉಮಾದೇವಿ ನೀವೇ ಏನ್ರಿ?”

ಉಮಾದೇವಿಗೆ ಥಟ್ಟನೆ ಹೊಳೆಯಿತು. “ಪುಂಡಿಪಲ್ಯದ ಬಿಸ್ಮಿಲ್ಲಾ ಬೀ?”

ಹನ್ನೊಂದು ವರ್ಷ ಈ ಇಬ್ಬರು ಮುಖ ನೋಡದೆ ನಂಟು ಬೆಳೆಸಿದ್ದರು. ವಸ್ತಿಗೆ ಬಂದ ಡ್ರೈವರಿಗೆ ಬಿಸ್ಮಿಲ್ಲಾ ಬೀ ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಕೊಡುತ್ತಿದ್ದಳು. ಡಬ್ಬಿ ಹುಮನಾಬಾದಿನ ಮನೆ ಸೇರುತ್ತಿತ್ತು. ಖಾಲಿ ಡಬ್ಬಿ ಹಿಂದಕ್ಕೆ ಕಳಿಸಬಾರದಲ್ಲ, ಉಮಾದೇವಿ ಅದರಲ್ಲಿ ಶೇಂಗಾ ಹೋಳಿಗೆ ಇಟ್ಟು ಮುಂದಿನ ವಸ್ತಿಗೆ ಕಳಿಸುತ್ತಿದ್ದಳು.

“ಹೊರಗ್ಯಾಕ ನಿಂತೀರಿ ಆಪಾ, ಹತ್ರಿ! ಎಲ್ಲಾರೂ ಹತ್ರಿ! ಖರೆ, ಇದು ಮನಿ ಅದ. ಚಪ್ಪಲ್ ಕೈಯಾಗ ಹಿಡ್ಕೊಂಡು ಹತ್ರಿ.”

ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡ ಏಳು ಜನರೊಂದಿಗೆ ಗಾಡಿ ಹೊರಟಿತು. ಬಿಸ್ಮಿಲ್ಲಾ ಬೀ ಹುಮನಾಬಾದಿನಲ್ಲಿ ಡಾಕ್ಟರಿಗೆ ಕಣ್ಣು ತೋರಿಸಬೇಕಿತ್ತು. ಹಾಸಿಗೆಯ ಮೇಲೆ ಉಮಾದೇವಿಯ ಮಗ್ಗುಲಲ್ಲಿ ಕೂತು ಚಿಟಗುಪ್ಪಾ ಬರುವವರೆಗೆ ಅವಳ ಕೈ ಬಿಡಲಿಲ್ಲ.

“ಏನ್ ಹೋಳಿಗಿ ತಂಗಿ ನಿಮ್ಮದು! ಎರಡೇ ಇರ್ತಿದ್ವು, ಮನಿ ಮಂದಿಯೆಲ್ಲಾ ತುಂಡು ತುಂಡು ಹಂಚ್ಕೊಂಡು ತಿಂತಿದ್ವಿ.”

“ಎರಡು?” ಉಮಾದೇವಿ ನೆಟ್ಟಗಾದಳು. “ನಾ ಯಾವಾಗಲೂ ನಾಕು ಇಡ್ತಿದ್ದೆ ಆಪಾ.”

ಗಾಡಿಯಲ್ಲಿದ್ದವರೆಲ್ಲ ಒಟ್ಟಿಗೇ ಮುಂದೆ ನೋಡಿದರು. ಮಡೆಪ್ಪ ಗೇರ್ ಬದಲಿಸಿದ. ಬದಲಿಸುವಂಥ ಏರೂ ಇರಲಿಲ್ಲ, ಇಳಿತವೂ ಇರಲಿಲ್ಲ.

“ಹನ್ನೊಂದ್ ವರ್ಷ!” ಎಂದು ಬಿಸ್ಮಿಲ್ಲಾ ಬೀ ಹಣೆ ಬಡಿದುಕೊಂಡು ನಕ್ಕಳು. ಹುಮನಾಬಾದ್ ಬರುವವರೆಗೆ ಆ ನಗು ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇತ್ತು. ಕನ್ನಡಿಯಲ್ಲಿ ಕಾಣುತ್ತಿದ್ದ ಮಡೆಪ್ಪನ ಕಿವಿ ಗಾಡಿಯ ಬಣ್ಣಕ್ಕೇ ತಿರುಗಿತ್ತು.

ಹುಮನಾಬಾದಿನಲ್ಲಿ ಎಲ್ಲರೂ ಇಳಿದರು. ಬಿಸ್ಮಿಲ್ಲಾ ಬೀ ಉಮಾದೇವಿಯ ಗಲ್ಲ ಸವರಿ, “ಇನ್ನ ಮುಂದ ನೀವೇ ತಗೊಂಡು ಬರ್ರಿ. ಇವರ ಕೈಯಾಗ ಕೊಡಬ್ಯಾಡ್ರಿ,” ಎಂದು ಹೇಳಿ ಹೋದಳು.

ಗಾಡಿ ಒಮ್ಮೆಲೇ ಬಿಕೋ ಎಂದಿತು. ಮನೆಯ ಓಣಿ ಅಲ್ಲೇ ಎದುರಿಗಿತ್ತು. ಉಮಾದೇವಿ ತನ್ನ ಚೀಲ ಎತ್ತಿಕೊಂಡಳು. ಬೆಳಗಿನಿಂದ ಇಷ್ಟು ನಕ್ಕಿದ್ದರೂ ಅವಳಿಗೆ ಈಗ ಅಳು ಬರುವಂತಾಯಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೇಳಿದಳು:

“ಆ ಎರಡು ಹೋಳಿಗಿ ಎಲ್ಲಿ ಹೋಗ್ತಿದ್ವು? ಅಷ್ಟು ಹೇಳ್ರಿ, ಇಳೀತೀನಿ.”

“ಕುಂಡ್ರು,” ಎಂದ ಮಡೆಪ್ಪ. “ಹೇಳ್ತೀನಿ.”

ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಗಾಡಿ ಹೊರಟಿತು. ಊರು ಮುಗಿಯಿತು, ಹೆದ್ದಾರಿ ಬಂತು, ಎರಡು ಲಾರಿಗಳನ್ನು ಹಿಂದೆ ಹಾಕಿದ್ದಾಯಿತು. ಇವನು ಹೇಳುವವನಲ್ಲ, ಸುಮ್ಮನೆ ಮೋಸಹೋದೆ ಅಂದುಕೊಂಡಳು.

“ಸಂಜೀಕ ಮಂದಿಯೆಲ್ಲಾ ಇಳಿದು ತಮ್ಮ ತಮ್ಮ ಮನಿಗಿ ಹೋಗ್ತಿದ್ರು,” ಎಂದ ಮಡೆಪ್ಪ, ಕಣ್ಣು ರಸ್ತೆಯ ಮೇಲೆ. “ಕಂಡಕ್ಟರ್ ಗುಡಿ ಕಟ್ಟಿಗಿ ಹೋಗಿ ಮಲಗ್ತಿದ್ದ. ನಾ ಒಬ್ಬನೇ ಗಾಡಿಯಾಗ. ಹೊತ್ತು ಮುಳುಗುವಾಗ ಒಂದು ತಿಂತಿದ್ದೆ, ಹೊತ್ತು ಹೊಂಡುವಾಗ ಒಂದು. ನಿನ್ನ ಕೈಯಿಂದು... ಮನ್ಯಾಗ ಇದ್ದಂಗ ಅನಸ್ತಿತ್ತು.”

ಚಿಲಕದ ಈಚೆ ತಾನು ಒಬ್ಬಳೇ ಇದ್ದ ರಾತ್ರಿಗಳಷ್ಟೇ ಉಮಾದೇವಿಯ ಲೆಕ್ಕದಲ್ಲಿದ್ದವು. ಅತ್ತ ಇನ್ನೊಬ್ಬ ಒಂಟಿ ಕೂತಿರುತ್ತಿದ್ದ ಎಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

“ಹೇಳಿದ್ರ ಆರು ಇಡ್ತಿದ್ದೆ,” ಎಂದಳು.

ಮಡೆಪ್ಪ ನಕ್ಕ. ನಗು ಒಮ್ಮೆ ಬಂದಮೇಲೆ ಮಾತೂ ಬಂತು. ವಸ್ತಿ ಬಸ್ಸಿನ ಕೆಳಗೆ ಮರಿ ಹಾಕಿದ್ದ ನಾಯಿಯದು, ಸೀಟಿನ ಮೇಲೆ ಮಲಗಿದವನ ಮೂಗಿಗೇ ಸೋರುತ್ತಿದ್ದ ಮಳೆಯದು, ಬಸ್ಸು ಹೋಗಿಬಿಡುತ್ತದೆಂದು ಹಿಂದಿನ ರಾತ್ರಿಯೇ ಬಂದು ಒಳಗೆ ಮಲಗಿದ್ದ ಹೊಸ ಮದುಮಗನದು. ಅವನ ಒಂದು ಕೈ ಸ್ಟೇರಿಂಗ್ ಬಿಟ್ಟು ಗಾಳಿಯಲ್ಲಿ ಆಡುತ್ತಿತ್ತು.

ಬಸವಕಲ್ಯಾಣಕ್ಕೆ ತಿರುಗುವ ಬಂಗ್ಲಾ ಕ್ರಾಸ್ ಬಂತು. ಅಲ್ಲಿ ನಿಂತಿದ್ದ ಆಟೊಗಳು, ಕಬ್ಬಿನ ಹಾಲಿನ ಗಾಡಿ, ಬಾಣದ ಗುರುತಿನ ದೊಡ್ಡ ಹಸಿರು ಫಲಕ ಎಲ್ಲ ಕಿಟಕಿಯ ಪಕ್ಕದಲ್ಲೇ ಹಿಂದಕ್ಕೆ ಸರಿದವು. ಮೂವತ್ತೊಂದು ವರ್ಷದಲ್ಲಿ ಒಂದು ತಿರುವೂ ತಪ್ಪದ ಡ್ರೈವರ್ ಮದುಮಗನ ಕಥೆ ಹೇಳುತ್ತ ನೇರವಾಗಿ ಸೊಲ್ಲಾಪುರದ ಕಡೆ ಹೊರಟಿದ್ದ. ಉಮಾದೇವಿ ಫಲಕವನ್ನು ಕತ್ತು ತಿರುಗಿಸಿ ನೋಡಿದಳು. ಆಮೇಲೆ ತೊಡೆಯ ಮೇಲಿದ್ದ ಚೀಲವನ್ನು ಮೆಲ್ಲಗೆ ಕಾಲ ಬಳಿ ಇಳಿಸಿದಳು.

“ಹೌದಾ? ಆಮ್ಯಾಲ?” ಎಂದಳು.