ಬಬಲೇಶ್ವರಕ್ಕೆ ಮೊದಲು ಮುಟ್ಟಿದವ

"ಕಾಲ ಯಾಕ ಹಿಚಕಾಕತ್ತೀಲೇ? ಸೋಲಾಕ ಈಗಿಂದಽ ನೆವ ಹುಡಕಾಕತ್ತಿಯೇನು?" ಎಂದ ಶಾಂತಪ್ಪ.

ತಿಕೋಟಾ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕುತ್ತಿದ್ದ ಸತೀಶಕುಮಾರ ತಲೆ ಎತ್ತಲಿಲ್ಲ. "ನಿನ್ನ ಸೋಲಸಾಕ ಒಂದಽ ಕಾಲ ಸಾಕಪಾ. ಇನ್ನೊಂದು ಶೋಕಿಗೆ ಐತಿ."

ಇಬ್ಬರೂ ಐವತ್ತು ದಾಟಿದವರು. ವಿಜಯಪುರದಲ್ಲಿ ಸತೀಶಕುಮಾರನದು ಸಿದ್ಧೇಶ್ವರ ಗುಡಿಯ ಹತ್ತಿರ ಬಟ್ಟೆ ಅಂಗಡಿ, ಶಾಂತಪ್ಪನದು ಇಬ್ರಾಹಿಂಪುರದಲ್ಲಿ ಹಿಟ್ಟಿನ ಗಿರಣಿ. ರವಿವಾರ ಬಂತೆಂದರೆ ಸೈಕಲ್ಲು. ವಿಜಯಪುರದಿಂದ ತಿಕೋಟಾದವರೆಗೆ ದೋಸ್ತಿ: ಎದುರುಗಾಳಿಗೆ ಒಬ್ಬ ಮುಂದಾದರೆ ಇನ್ನೊಬ್ಬ ಅವನ ಮರೆಯಲ್ಲಿ, ಸರದಿಯ ಮೇಲೆ. ತಿಕೋಟಾದಿಂದ ಬಬಲೇಶ್ವರದ ಹೋಟೆಲಿನವರೆಗೆ ಮಾತ್ರ ಪಂದ್ಯ, ಅವರವರ ಕಾಲು ಅವರವರಿಗೆ. ಇಷ್ಟು ವರ್ಷದಲ್ಲಿ ಶಾಂತಪ್ಪ ಒಮ್ಮೆಯಾದರೂ ಗೆದ್ದಿರಬೇಕಲ್ಲ? ಇಲ್ಲ, ದೇವರಾಣೆಗೂ ಇಲ್ಲ. ಈಗ ನೋಡಿದರೆ ಗುರುವಾರ ಸತೀಶಕುಮಾರನ ಮೊಣಕಾಲಿನ ಆಪರೇಶನ್. ಆಮೇಲೆ ಸೈಕಲ್ ಹತ್ತಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇವತ್ತು ಗೆದ್ದರೆ ಗೆದ್ದ, ಇಲ್ಲವಾದರೆ ಶಾಂತಪ್ಪ ಸಾಯುವತನಕ ಸೋತವನೇ. ಆ ಸಂಕಟ ಅವನನ್ನು ವಾರದಿಂದ ತಿನ್ನುತ್ತಿತ್ತು.

ಹೊರಟರು. ಬಬಲೇಶ್ವರದ ಮನೆಗಳು ಕಾಣುವ ಹೊತ್ತಿಗೆ ಸತೀಶಕುಮಾರ, ಆ ಕೆಟ್ಟ ಕಾಲಿನವ, ಕೂಗಳತೆಯಷ್ಟು ಮುಂದೆ! ಶಾಂತಪ್ಪ ಹಲ್ಲು ಕಚ್ಚಿ ತುಳಿದ. ಅಷ್ಟರಲ್ಲಿ ಘೋಣಸಗಿಯ ಅಮಸಿದ್ದನ ಕುರಿ ಹಿಂಡು ರಸ್ತೆಗೆ ಇಳಿಯಿತು. ಸತೀಶಕುಮಾರ ಆಚೆ ಪಾರಾದ, ಶಾಂತಪ್ಪ ಈಚೆ ಸಿಕ್ಕಿಬಿದ್ದ.

"ಲಗೂನ ಹೊಡಕೊಂಡ ಹೋಗೋ ಮಾರಾಯಾ!" ಶಾಂತಪ್ಪ ಕೂಗಿದ.

"ಕುರಿಗೆ ನಿಮ್ಮ ರೇಸ್ ಏನ್ ಗೊತ್ರಿ ಸಾವ್ಕಾರ್ರ?" ಎಂದ ಅಮಸಿದ್ದ, ತಂಬಾಕು ತಿಕ್ಕುತ್ತ.

ಪಂಕ್ಚರಾದರೆ ಅದು ಅವರವರ ಹಣೆಬರಹ, ಆದರೆ ಕುರಿ ಅಡ್ಡ ಬಂದರೆ ಮುಂದಿನವನು ನಿಲ್ಲಬೇಕು. ಇದು ಇಬ್ಬರ ಕರಾರು. ಸತೀಶಕುಮಾರ ಕಾಲೂರಿ ನಿಂತ. ಹಿಂಡು ತನ್ನ ಪಾಡಿಗೆ ತಾನು ನಿಧಾನ ದಾಟಿತು. ಶಾಂತಪ್ಪ ಪಕ್ಕಕ್ಕೆ ಬಂದಾಗ ಸತೀಶಕುಮಾರನೂ ಪೆಡಲ್ ತುಳಿಯಲು ಹೋದ. ಮೊಣಕಾಲು ಮಡಚಲು ಬರಲಿಲ್ಲ. ಬಿಸಿಯಿದ್ದಾಗ ನಡೆದ ಕಾಲು ನಿಂತಲ್ಲೇ ಬಿಗಿದುಕೊಂಡಿತ್ತು.

ಶಾಂತಪ್ಪ ಬ್ರೇಕ್ ಹಿಡಿದ.

"ನಿಂತೀ ಅಂದ್ರ ನೋಡ ಮತ್ತ!" ಸತೀಶಕುಮಾರ ಚೀರಿದ. "ನನಗ ಕನಿಕರ ತೋರಸ್ತೀಯೇನು? ನಾ ಯಾವತ್ತರ ನಿನಗ ಬಿಟ್ಟುಕೊಟ್ಟೇನಿ? ಹೋಗಲೇ!"

ಶಾಂತಪ್ಪ ಹೋದ. ಹೋಗದೆ ಏನು ಮಾಡಿಯಾನು! ಹಿಂದೆ ನೋಡಿದರೆ ನಿಂತುಬಿಡುತ್ತೇನೆಂದು ಗೊತ್ತಿದ್ದುದರಿಂದ ನೋಡಲೇ ಇಲ್ಲ.

"ಅಯ್ಯ, ಇವತ್ತ ನೀವಽ ಮೊದಲೇನ್ರಿ! ಅವರೆಲ್ಲಿ?" ಬಬಲೇಶ್ವರದ ಹೋಟೆಲಿನ ನಂದಾ ಕೇಳಿದಳು.

"ಬರಾಕತ್ತಾನವಾ" ಎಂದು ಬಾಗಿಲಿಗೆ ಮುಖ ಮಾಡಿ ಕೂತ. ಗೆದ್ದವನಿಗೆ ಹೀಗೆ ರಸ್ತೆ ಕಾಯುವ ಕೆಲಸ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಬಹಳ ಹೊತ್ತಿಗೆ ಸತೀಶಕುಮಾರ ಸೈಕಲ್ ನೂಕಿಕೊಂಡು ಬಂದ. ಮುಖ ಬೆವರಿನಿಂದ ತೊಯ್ದಿತ್ತು. "ಗೆದ್ದೀ ಮಗನ."

"ಕುರಿ ಹತ್ರ ನೀ ನಿಂತಿದ್ದಿಲ್ಲಂದ್ರ..."

"ನಿಂದ್ರೂದು ಕರಾರು. ಗೆದ್ದೀ ಅಂದ್ರ ಗೆದ್ದೀ. ಬಾಯಿ ಮುಚ್ಚು."

ಸೋತವನು ಗೆದ್ದವನಿಗೆ ನಾಷ್ಟಾದ ತಾಟು ತಂದಿಡುವುದು ಅವರಲ್ಲಿ ರೂಢಿ. ಇಲ್ಲಿಯತನಕ ತಂದವನು ಶಾಂತಪ್ಪನೇ. ಅಭ್ಯಾಸಬಲದಿಂದ ಅವನು ಎದ್ದ.

"ಕುಂದ್ರು" ಎಂದ ಸತೀಶಕುಮಾರ.

ಶಾಂತಪ್ಪ ಕೂತ. ನಂದಾ ಒಗ್ಗರಣೆ ಚುರುಮುರಿಯ ಸುಸಲಾ, ಮಿರ್ಚಿ ಹಾಕಿ ಕೊಟ್ಟಳು. ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ಚಹಾದ ಗ್ಲಾಸು ಹಿಡಿದು ಸತೀಶಕುಮಾರ ಕುಂಟುತ್ತ ಹೊರಟ. ಹೆಜ್ಜೆ ಹೆಜ್ಜೆಗೂ ಚಹಾ ತುಳುಕಿ ಬೆರಳು ಸುಡುತ್ತಿತ್ತು. ಶಾಂತಪ್ಪ ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ಅವನು ಬಂದು ಮುಟ್ಟುವತನಕ ಕೂತೇ ಇದ್ದ.